ರೀಬೂಟ್ ಆದರೂ ಉಳಿಯುವ ವಿಲ್ಯಾನ್ ಇಂಟರ್‌ಫೇಸ್

ವಿಲ್ಯಾನ್ ಅಂದರೆ ಒಂದೇ ಕೇಬಲ್ ಮೇಲೆ ನಂಬರ್ ಕೊಟ್ಟು ಬೇರೆ ಬೇರೆ ನೆಟ್‌ವರ್ಕ್ ಓಡಿಸುವ ವಿಧಾನ. ಲಿನಕ್ಸ್ ಸರ್ವರ್‌ನಲ್ಲಿ ಐಪಿ ಲಿಂಕ್ ಆ್ಯಡ್ ಅಂತ ಕಮಾಂಡ್ ಹೊಡೆದು ವಿಲ್ಯಾನ್ ಇಂಟರ್‌ಫೇಸ್ ಮಾಡಿ, ಐಪಿ ಕೊಟ್ಟು ಅಪ್ ಮಾಡಿದರೆ ತಕ್ಷಣ ಕೆಲಸ ಮಾಡುತ್ತದೆ. ಪಿಂಗ್ ಹೋಗುತ್ತದೆ, ನಾವು ಟೀಗೆ ಎದ್ದು ಹೋಗುತ್ತೇವೆ. ಆದರೆ ಅದು ಎಲ್ಲೂ ಬರೆದಿಟ್ಟಿರುವುದಿಲ್ಲ, ಅಲ್ವಾ? ಸರ್ವರ್ ರೀಬೂಟ್ ಆಯಿತೋ, ಇಂಟರ್‌ಫೇಸೂ ಇಲ್ಲ, ಐಪಿಯೂ ಇಲ್ಲ. ನಾನು ಒಮ್ಮೆ ಹೀಗೆ ಮಾಡಿಟ್ಟು, ಎರಡು ತಿಂಗಳಾದ ಮೇಲೆ ಕರೆಂಟ್ ಹೋಗಿ ಬಂದಾಗ, ಬ್ಯಾಕಪ್ ಯಾಕೆ ನಿಂತಿದೆ ಅಂತ ಮಧ್ಯರಾತ್ರಿ ತಲೆ ಕೆರೆದುಕೊಂಡು ಕೂತಿದ್ದೆ. ಆ ಕಮಾಂಡ್ ಹೊಡೆದದ್ದೇ ಮರೆತುಹೋಗಿತ್ತು.

ಉಬುಂಟು ಸರ್ವರ್ 18.04ರಿಂದ ಈಚೆಗೆ ಇದಕ್ಕೆ, ಫೈಲ್‌ನಲ್ಲಿ ಬರೆದಿಟ್ಟ ನೆಟ್‌ವರ್ಕ್ ಸೆಟ್ಟಿಂಗನ್ನು ಪ್ರತಿ ಬೂಟ್‌ನಲ್ಲೂ ಹಾಕುವ ನೆಟ್‌ಪ್ಲಾನ್ ಇದೆ. ಇಟಿಸಿ (/etc) ಒಳಗಿನ ನೆಟ್‌ಪ್ಲಾನ್ ಫೋಲ್ಡರ್‌ಗೆ ಹೋಗಿ. ಅಲ್ಲಿ 50 ಅಂತ ಶುರುವಾಗುವ ಕ್ಲೌಡ್-ಇನಿಟ್ (ಸರ್ವರ್ ಮೊದಲು ಎದ್ದಾಗ ಸೆಟ್ಟಿಂಗ್ ಹಾಕುವ ಪ್ರೋಗ್ರಾಂ) ಫೈಲ್ ಇದ್ದರೆ ಅದನ್ನು ಮುಟ್ಟಬೇಡಿ, ಕ್ಲೌಡ್-ಇನಿಟ್ ಅದನ್ನು ಮತ್ತೆ ಬರೆದುಬಿಡಬಹುದು. 60ರಿಂದ ಶುರುವಾಗುವ ಹೊಸ ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ಸರಳ ರೂಪ) ಫೈಲ್ ಮಾಡಿ. ನೆಟ್‌ಪ್ಲಾನ್ ಹೆಸರಿನ ಕ್ರಮದಲ್ಲಿ ಎಲ್ಲ ಫೈಲ್‌ಗಳನ್ನೂ ಓದಿ ಒಂದು ಮಾಡುತ್ತದೆ.

ಮೇಲೆ ನೆಟ್‌ವರ್ಕ್, ಅದರ ಕೆಳಗೆ ವರ್ಷನ್ 2, ಆಮೇಲೆ ವಿಲ್ಯಾನ್ಸ್, ಅದರೊಳಗೆ ನಿಮ್ಮ ಇಂಟರ್‌ಫೇಸ್ ಹೆಸರು. ಹೆಸರು 15 ಅಕ್ಷರ ದಾಟಬಾರದು. ಆ ಹೆಸರಿನ ಕೆಳಗೆ ಮೂರೇ ಸಾಲು: ಐಡಿ 20 (ಇದೇ ವಿಲ್ಯಾನ್ ನಂಬರ್), ಲಿಂಕ್‌ನಲ್ಲಿ ನಿಜವಾದ ನೆಟ್‌ವರ್ಕ್ ಕಾರ್ಡಿನ ಹೆಸರು, ಅಡ್ರೆಸ್ಸಸ್‌ನಲ್ಲಿ ಚೌಕ ಕಂಸದೊಳಗೆ 192.168.20.5/24. ಲಿಂಕ್‌ಗೆ ಕೊಟ್ಟ ಕಾರ್ಡ್ ಯಾವುದಾದರೂ ಒಂದು ಫೈಲ್‌ನ ಈಥರ್ನೆಟ್ಸ್ ಅಡಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ನೆಟ್‌ಪ್ಲಾನ್ ಎರರ್ ಕೊಡುತ್ತದೆ. ಒಳಗಿನ ಸಾಲುಗಳನ್ನು ಬಲಕ್ಕೆ ಸರಿಸಲು ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಇಲ್ಲಿ ಇನ್ನೊಂದು ಡಿಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) ಸೇರಿಸುವ ಆಸೆಯನ್ನೂ ಬಿಡಿ, ಟ್ರಾಫಿಕ್ ಎಲ್ಲೆಲ್ಲೋ ಹೋಗಿ ಸುಮ್ನೆ ಗೋಳು. ಫೈಲ್ ಪರ್ಮಿಷನ್ 600 (ಮಾಲೀಕ ಮಾತ್ರ ಓದಿ ಬರೆಯುವಂತೆ) ಇರಲಿ, ಹೊಸ ವರ್ಷನ್‌ಗಳು ಅದಕ್ಕಿಂತ ಜಾಸ್ತಿ ತೆರೆದಿದ್ದರೆ ಗೊಣಗುತ್ತವೆ.

ಈಗ ನೆಟ್‌ಪ್ಲಾನ್ ಅಪ್ಲೈ ಅಲ್ಲ, ನೆಟ್‌ಪ್ಲಾನ್ ಟ್ರೈ ಹೊಡೆಯಿರಿ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಇದ್ದರಂತೂ ಇದೇ ದಾರಿ. 120 ಸೆಕೆಂಡ್ ಕಾಯುತ್ತದೆ, ನೀವು ಎಂಟರ್ ಒತ್ತಿದರೆ ಉಳಿಸಿಕೊಳ್ಳುತ್ತದೆ. ಕನೆಕ್ಷನ್ ಕಡಿದುಹೋಗಿ ಒತ್ತಲು ಆಗಲಿಲ್ಲ ಅನ್ನಿ, ಹಳೆಯ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ರಾತ್ರಿ ಗಾಡಿ ಹತ್ತಿ ಸರ್ವರ್ ರೂಮಿಗೆ ಓಡುವುದು ತಪ್ಪುತ್ತದೆ.

ಆಮೇಲೆ, ಬಳಸುವವರು ಕಡಿಮೆ ಇರುವ ಹೊತ್ತು ನೋಡಿ, ನಿಜವಾಗಿಯೂ ಒಮ್ಮೆ ರೀಬೂಟ್ ಮಾಡಿ. ಇದನ್ನು ಮಾತ್ರ ಯಾರೂ ಮಾಡುವುದಿಲ್ಲ! ಇಂಟರ್‌ಫೇಸ್ ಎದ್ದು ಬಂದು, ಐಪಿಯೂ ಇದ್ದು, ಪಿಂಗ್ ಮಾತ್ರ ಹೋಗುತ್ತಿಲ್ಲ ಅಂದರೆ ಫೈಲನ್ನು ಮತ್ತೆ ಮತ್ತೆ ತಿದ್ದಬೇಡಿ. ಸ್ವಿಚ್‌ನ ಆ ಪೋರ್ಟ್‌ನಲ್ಲಿ ವಿಲ್ಯಾನ್ 20 ಟ್ಯಾಗ್ ಆಗಿದೆಯಾ (ಆ ನಂಬರ್ ಹೊತ್ತು ಹೋಗಲು ಬಿಟ್ಟಿದೆಯಾ) ನೋಡಿ.