ಹೊಲಿಗೆ ಹಾಕಿದ ಗಾಯಕ್ಕೆ ಮನೆಯಲ್ಲೇ ಡ್ರೆಸ್ಸಿಂಗ್: ಮೊದಲು ಕೈ ತೊಳೆಯಿರಿ

ಹೋದ ವರ್ಷ ಅಮ್ಮನಿಗೆ ಹೊಕ್ಕುಳ ಹತ್ತಿರ ಹರ್ನಿಯಾ ಆಪರೇಷನ್ ಆಯಿತು. ಮೂರನೇ ದಿನ ಹನುಮಂತನಗರದ ಮನೆಗೆ ಕರೆದುಕೊಂಡು ಬಂದೆವು. ಸಂಜೆಯೊಳಗೆ ಅಡುಗೆಮನೆಯಲ್ಲಿ ಹೊಸ ಕಾನೂನು ಜಾರಿಗೆ ಬಂತು. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ, ಮೊಟ್ಟೆಯಂತೂ ಬೇಡವೇ ಬೇಡ. ಎಲ್ಲಾ ನಂಜು, ಹೊಲಿಗೆ ಕೀವು ಕಟ್ಟುತ್ತೆ ಅಂತ ಚಿಕ್ಕಮ್ಮನ ತೀರ್ಪು. ಅದೇ ಚಿಕ್ಕಮ್ಮ ಬಿಎಂಟಿಸಿ ಬಸ್ಸಿಂದ ಇಳಿದು ಬಂದವರೇ, ಕೈ ಕೂಡ ತೊಳೆಯದೆ, 'ಎಷ್ಟು ಹೊಲಿಗೆ ಹಾಕಿದಾರೆ ನೋಡೋಣ' ಅಂತ ಪ್ಲಾಸ್ಟರ್ ತುದಿ ಎತ್ತಿ ಇಣುಕಿದ್ದರು!

ಬದನೆಕಾಯಿ ಪಾಪ, ಅದರ ತಪ್ಪೇನೂ ಇಲ್ಲ. ಆಪರೇಷನ್ ಗಾಯಕ್ಕೆ ನಂಜು ಏರಿಸುವುದು ಬ್ಯಾಕ್ಟೀರಿಯಾ. ಅದು ನಮ್ಮದೇ ಚರ್ಮದ ಮೇಲಿರುತ್ತದೆ, ಮುಟ್ಟುವವರ ಕೈಮೇಲೆ ಇರುತ್ತದೆ. ಹೊಲಿಗೆ ಹಾಕಿದ ಗಾಯದ ಬಾಯಿ ಮೇಲ್ಮೈಯಲ್ಲಿ ಮುಚ್ಚಿಕೊಳ್ಳಲು ಸುಮಾರು 48 ಗಂಟೆ ಬೇಕು. ಅಲ್ಲಿವರೆಗೆ ಆಸ್ಪತ್ರೆಯಲ್ಲಿ ಹಾಕಿದ ಡ್ರೆಸ್ಸಿಂಗನ್ನು ಸುಮ್ನೆ ಬಿಟ್ಟುಬಿಡಿ. ರಕ್ತ ಒಸರಿ ಪೂರ್ತಿ ನೆನೆದರೆ ಅಥವಾ ಕಿತ್ತು ಬಂದರೆ ಆಸ್ಪತ್ರೆಗೆ ಫೋನ್ ಮಾಡಿ.

ಮನೆಗೆ ಹೊರಡುವ ಮುಂಚೆಯೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಡ್ರೆಸ್ಸಿಂಗ್ ಯಾವತ್ತು ಬದಲಿಸಬೇಕು? ಸ್ನಾನ ಯಾವಾಗಿಂದ? ಹೊಲಿಗೆ ತಾನೇ ಕರಗುವುದೋ, ಬಿಚ್ಚಿಸಬೇಕೋ? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಡಿಸ್ಚಾರ್ಜ್ ಚೀಟಿಯಲ್ಲಿ ಇದೆಲ್ಲ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಗೀಚಿರುತ್ತದೆ. ಬಾಯಲ್ಲಿ ಹೇಳಿಸಿಕೊಂಡು ಬರೆದುಕೊಳ್ಳುವುದೇ ವಾಸಿ. ಅವರು ಹೇಳಿದ್ದಕ್ಕೂ ಇಲ್ಲಿ ಓದಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ. ಮುಂದೆ ಯಾವತ್ತೋ ಆಪರೇಷನ್ ಇರುವವರಿಗೆ ಇನ್ನೊಂದು ಮಾತು: ಹಿಂದಿನ ರಾತ್ರಿ ಮನೆಯಲ್ಲಿ ರೇಜರ್ ಹಿಡಿದು ಕೂದಲು ತೆಗೆಯಬೇಡಿ. ಬ್ಲೇಡಿನ ಕಣ್ಣಿಗೆ ಕಾಣದ ಗೀರುಗಳಲ್ಲೇ ರೋಗಾಣು ಮನೆ ಮಾಡುತ್ತದೆ. ಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರಿನಲ್ಲಿ ತೆಗೆಯುತ್ತಾರೆ.

ಡ್ರೆಸ್ಸಿಂಗ್ ಬದಲಿಸುವ ಬಗೆ

ಮೊದಲು ಸಾಮಾನು ಜೋಡಿಸಿಕೊಳ್ಳಿ. ಸ್ಟೆರೈಲ್ (ರೋಗಾಣು ಇಲ್ಲದಂತೆ ಮಾಡಿದ) ಗಾಜ್ ಬಟ್ಟೆಯ ಪ್ಯಾಕೆಟ್, ಪೇಪರ್ ಟೇಪ್, ನಾರ್ಮಲ್ ಸಲೈನ್ ಅನ್ನುವ ಉಪ್ಪುನೀರಿನ ಬಾಟಲಿ, ಹಳೆಯ ಡ್ರೆಸ್ಸಿಂಗ್ ಸುತ್ತಲು ನ್ಯೂಸ್‌ಪೇಪರ್. ಟೇಪನ್ನು ನಾಲ್ಕು ತುಂಡು ಕತ್ತರಿಸಿ ಒರೆಸಿದ ಟೇಬಲ್ ಅಂಚಿಗೆ ಅಂಟಿಸಿಟ್ಟುಕೊಳ್ಳಿ. ನಾನು ಮೊದಲ ಸಲ ಇದನ್ನು ಮರೆತಿದ್ದೆ. ಒಂದು ಕೈಯಲ್ಲಿ ಗಾಜ್ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಟೇಪಿನ ತುದಿ ಹುಡುಕುತ್ತಾ, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಹರಿದೆ. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡರು. ಫ್ಯಾನ್ ಆಫ್ ಮಾಡಿ, ಬೆಕ್ಕು ನಾಯಿ ಇದ್ದರೆ ಹೊರಗೆ ಕಳಿಸಿ.

ಇನ್ನು ಕೈ. ಉಂಗುರ, ಬಳೆ, ವಾಚು ತೆಗೆದಿಡಿ. ಸೋಪು ಹಚ್ಚಿ 40ರಿಂದ 60 ಸೆಕೆಂಡ್ ತೊಳೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆರಳ ಸಂದು, ಹೆಬ್ಬೆರಳು, ಉಗುರಿನ ಕೆಳಗೆ, ಎಲ್ಲ ಕಡೆ. ಲೆಕ್ಕ ಹಾಕಿ ನೋಡಿ, ನಾವು ದಿನಾ ತೊಳೆಯುವುದು ಇದರ ಕಾಲು ಭಾಗವೂ ಇರುವುದಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಡಾಕ್ಟರುಗಳ ಕೈಯನ್ನು ಕ್ಲೋರಿನ್ ಬೆರೆಸಿದ ನೀರಿನಲ್ಲಿ ತೊಳೆಸಲು ಶುರು ಮಾಡಿದ ಮೇಲೆ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಪುಣ್ಯಾತ್ಮನ ಮಾತನ್ನು ಆಗ ಸುಮಾರು ಜನ ಡಾಕ್ಟರುಗಳೇ ಒಪ್ಪಲಿಲ್ಲ. ಹಾಗಿರುವಾಗ ಚಿಕ್ಕಮ್ಮನನ್ನು ಬೈದು ಏನು ಪ್ರಯೋಜನ?

ಟೇಪನ್ನು ಮೇಲಕ್ಕೆ ಸರ್ರನೆ ಎಳೆಯಬೇಡಿ. ಒಂದು ಕೈಯಲ್ಲಿ ಚರ್ಮವನ್ನು ಮೆಲ್ಲಗೆ ಒತ್ತಿಹಿಡಿದು, ಟೇಪನ್ನು ಚರ್ಮಕ್ಕೆ ಸಮವಾಗಿ ಮಡಚುತ್ತಾ ಗಾಯದ ಕಡೆಗೆ ಬಿಡಿಸಿ. ಗಾಜ್ ಅಂಟಿಕೊಂಡಿದ್ದರೆ ಸಲೈನ್ ಹನಿಸಿ ಎರಡು ನಿಮಿಷ ಕಾಯಿರಿ, ತಾನೇ ಸಡಿಲವಾಗುತ್ತದೆ. ಹಳೆಯದನ್ನು ಪೇಪರಿನಲ್ಲಿ ಸುತ್ತಿಟ್ಟು ಮತ್ತೆ ಕೈ ತೊಳೆಯಿರಿ. ಈ ಎರಡನೇ ಸಲವನ್ನೇ ಎಲ್ಲರೂ ಬಿಡುವುದು.

ಗಾಯ ಒಣಗಿ ಸ್ವಚ್ಛವಾಗಿದ್ದರೆ ಒರೆಸುವ ಅಗತ್ಯವೇ ಇಲ್ಲ. ಒಸರಿದ್ದು ಒಣಗಿ ಕೂತಿದ್ದರೆ ಮಾತ್ರ ಸಲೈನಿನಲ್ಲಿ ಅದ್ದಿದ ಗಾಜ್ ತುಂಡಿನಿಂದ ಗಾಯದಿಂದ ಹೊರಕ್ಕೆ ಒಂದೇ ಸಲ ಒರೆಸಿ, ಆ ತುಂಡು ಬಿಸಾಕಿ. ಮತ್ತೆ ಒರೆಸಲು ಹೊಸ ತುಂಡು. ಟ್ಯಾಂಕರ್ ನೀರು, ಬೋರ್‌ವೆಲ್ ನೀರು ನೇರವಾಗಿ ಬೇಡ. ಸಲೈನ್ ಇಲ್ಲದಿದ್ದರೆ ಚೆನ್ನಾಗಿ ಕುದಿಸಿ ಆರಿಸಿದ ನೀರು ಆದೀತು. ಹೊಸ ಗಾಜ್ ಬಟ್ಟೆಯನ್ನು ಅಂಚಿನಲ್ಲಿ ಹಿಡಿಯಿರಿ. ಗಾಯಕ್ಕೆ ತಾಗುವ ನಡುಭಾಗ ಬೆರಳಿಗೆ ತಾಗಬಾರದು. ಟೇಪನ್ನು ಜಗ್ಗಿ ಅಂಟಿಸಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ, ಸುಮ್ನೆ ಮೇಲಿಟ್ಟು ಸವರಿದರೆ ಸಾಕು.

ಹಚ್ಚಬಾರದ್ದು

ಅರಿಶಿನ, ಕೊಬ್ಬರಿ ಎಣ್ಣೆ, ಕಾಫಿ ಪುಡಿ. ಹೌದು, ಕಾಫಿ ಪುಡಿ. ರಕ್ತ ಬಂದ ಕಡೆಗೆಲ್ಲ ಒಂದು ಚಿಟಿಕೆ ಒತ್ತುವುದು ನಮ್ಮ ಕಡೆಯ ಹಳೆಯ ಅಭ್ಯಾಸ. ಡಬ್ಬಿಯಲ್ಲಿರುವ ಪುಡಿ ಸ್ಟೆರೈಲ್ ಅಲ್ಲ ಅಲ್ವಾ? ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ಕೆಲಸ ಮಾಡುತ್ತಿದೆ ಅನಿಸುತ್ತದೆ, ಆದರೆ ಗಾಯ ಕೂಡಿಸುವ ಹೊಸ ಜೀವಕೋಶಗಳನ್ನೂ ಅದು ಸುಡುತ್ತದೆ. ಸಲೀಸಾಗಿ ಸಿಗುವ ಆಂಟಿಬಯೋಟಿಕ್ ಪುಡಿ, ಮುಲಾಮು ಕೂಡ ವೈದ್ಯರು ಬರೆಯದೆ ಬೇಡ. ಗಾಯವನ್ನು ಹೊಲಿಗೆಯ ಬದಲು ಅಂಟಿನಿಂದ ಮುಚ್ಚಿದ್ದರೆ ಮುಲಾಮು ಆ ಅಂಟನ್ನೇ ಸಡಿಲಿಸುತ್ತದೆ. ಹೋದ ಸಲದ್ದು ಉಳಿದ ಮಾತ್ರೆ ನುಂಗುವುದು, ಕೊಟ್ಟ ಕೋರ್ಸನ್ನು ಅರ್ಧಕ್ಕೇ ಬಿಡುವುದು, ಎರಡೂ ತಪ್ಪು.

48 ಗಂಟೆ ಕಳೆದು ವೈದ್ಯರು ಹೂಂ ಅಂದ ಮೇಲೆ ಸ್ನಾನ ಮಾಡಬಹುದು. ನೀರು ಗಾಯದ ಮೇಲೆ ಹರಿದು ಹೋಗಲಿ, ಉಜ್ಜಬೇಡಿ, ಒಗೆದ ಟವೆಲ್ಲಿನಲ್ಲಿ ಒತ್ತಿ ಒಣಗಿಸಿ. ಟಬ್ಬು, ಈಜುಕೊಳ ಸದ್ಯಕ್ಕೆ ಬೇಡ.

ನಂಜು ಏರಿದೆಯಾ ಅಂತ ತಿಳಿಯುವುದು

ಮೊದಲ ಎರಡು ಮೂರು ದಿನ ಸ್ವಲ್ಪ ಊತ, ಅಂಚಿನಲ್ಲಿ ಸ್ವಲ್ಪ ಬಿಸಿ, ತಿಳಿ ಹಳದಿ ಅಥವಾ ನಸುಗೆಂಪು ನೀರು ಸಹಜ. ದಿನದಿಂದ ದಿನಕ್ಕೆ ಇದು ಕಡಿಮೆಯಾಗಬೇಕು. ಕಡಿಮೆಯಾಗುತ್ತಿದ್ದ ನೋವು ಮತ್ತೆ ಜಾಸ್ತಿಯಾದರೆ ಎಚ್ಚರ. ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ: ತೊಳೆದ ಕೈಯ ಹಿಂಭಾಗವನ್ನು ಗಾಯದ ಪಕ್ಕದ ಚರ್ಮಕ್ಕೆ ತಾಗಿಸಿ ಬಿಸಿ, ಗಟ್ಟಿತನ ನೋಡಿ. ಕಪ್ಪಾಗಿಯೋ ಕೆಂಪಾಗಿಯೋ ಇರುವ ಜಾಗದ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ. ಅಮ್ಮನ ಹೊಟ್ಟೆಯ ಮೇಲೆ ಐದನೇ ದಿನ ನಾನು ಹೀಗೆ ನೀಲಿ ಗೆರೆ ಎಳೆದೆ. ಮರುದಿನ ಬಣ್ಣ ಗೆರೆಯೊಳಗೇ ಇತ್ತು, ಆರನೆಯ ರಾತ್ರಿ ನಿದ್ದೆ ಬಂತು. ಗೆರೆ ದಾಟಿದ್ದರೆ ಆವತ್ತೇ ಆಸ್ಪತ್ರೆಗೆ ಓಡಬೇಕಿತ್ತು. ಕೀವು, ಕೆಟ್ಟ ವಾಸನೆ, ಹೊಲಿಗೆ ಬಿಟ್ಟುಕೊಳ್ಳುವುದು, 100.4 ಡಿಗ್ರಿ ಮೇಲಿನ ಜ್ವರ, ಚಳಿ ನಡುಕ ಕಂಡರೂ ಹಾಗೆಯೇ. ಸೋಂಕು ಸಾಮಾನ್ಯವಾಗಿ 30 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಜಾಲರಿ, ರಾಡು, ಕೃತಕ ಕೀಲು ಕೂರಿಸಿದ್ದರೆ 90 ದಿನದವರೆಗೂ ಕಣ್ಣಿಟ್ಟಿರಬೇಕು.

ಊಟದ ವಿಷಯಕ್ಕೆ ಬಂದರೆ, ಗಾಯ ಕೂಡಲು ಪ್ರೋಟೀನ್ ಬೇಕು. ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಪಥ್ಯ ಅಂತ ಬರೀ ಗಂಜಿ, ಬ್ರೆಡ್ಡಿನ ಮೇಲೆ ವಾರಗಟ್ಟಲೆ ಇಟ್ಟರೆ ಗಾಯಕ್ಕೆ ನಷ್ಟ. ನಿಜವಾಗಿ ಪಥ್ಯ ಬೇಕಿರುವುದು ಸಕ್ಕರೆ ಕಾಯಿಲೆ ಇರುವವರಿಗೆ. ರಕ್ತದಲ್ಲಿ ಸಕ್ಕರೆ ಏರಿದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸೋಮಾರಿಯಾಗುತ್ತವೆ. ನೋಡಲು ಬಂದವರು ತಂದ ಸ್ವೀಟ್ ಬಾಕ್ಸು ಪಕ್ಕದ ಮನೆಗೆ ಹೋಗಲಿ. ಸಿಗರೇಟು ರಕ್ತನಾಳ ಕುಗ್ಗಿಸುತ್ತದೆ, ಗಾಯಕ್ಕೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ.

ಬಳಸಿದ ಡ್ರೆಸ್ಸಿಂಗನ್ನು ಒಣ ಕಸಕ್ಕೆ ಹಾಕಬೇಡಿ. ನಮ್ಮ ಬೆಂಗಳೂರಲ್ಲಿ ಸ್ಯಾನಿಟರಿ ಕಸಕ್ಕೆ ಕೆಂಪು ಬಿನ್ ಇದೆ. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಇಂಟು ಗುರುತು ಹಾಕಿ ಬೇರೆಯಾಗಿ ಕೊಡಿ. ಆ ಕಸವನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರಿಗೂ ನಂಜು ಏರಬಹುದು.

ಹೊಟ್ಟೆಯ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಬಿಚ್ಚುತ್ತಾರೆ, ಕೀಲುಗಳ ಮೇಲಿನದು 10ರಿಂದ 14 ದಿನಕ್ಕೆ. ಬಿಚ್ಚಿದ ಕೂಡಲೇ ವಾಸಿಯಾಯ್ತು ಅಂದುಕೊಳ್ಳಬೇಡಿ. ಮೂರು ವಾರಕ್ಕೆ ಗಾಯದ ಜಾಗದಲ್ಲಿ ಮೊದಲಿನ ಬಲದ ಐದನೇ ಒಂದು ಭಾಗ ಮಾತ್ರ ಬಂದಿರುತ್ತದೆ. ನೀರಿನ ಹುಡುಗ 20 ಲೀಟರ್ ಕ್ಯಾನನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಾನೆ. ಒಳಗೆ ತಂದು ಡಿಸ್ಪೆನ್ಸರ್ ಮೇಲೆ ಕೂರಿಸಿ ಹೋಗಲು ಅವನಿಗೆ ಮೊದಲೇ ಹೇಳಿಡಿ.