ಹುತ್ತರಿ ರಾತ್ರಿಯ ವಿಡಿಯೊ ದೊಡ್ಡಮ್ಮನ ಫೋನಿಗೆ ಮುಟ್ಟಿಸಿದ್ದು

ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಗದ್ದೆಯಲ್ಲಿ, ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಹೊಸ ಭತ್ತದ ಕದಿರು ತೆಗೆಯುವುದನ್ನು ಪ್ರತಿ ವರ್ಷ ನಾನೇ ವಿಡಿಯೊ ಮಾಡುತ್ತೇನೆ. ಹನ್ನೊಂದು ನಿಮಿಷದ್ದು. ಮನೆಯವರಿಗಾಗಿ ಮಾಡಿದ ಪುಟ್ಟ ವೆಬ್‌ಸೈಟಿಗೆ ಹಾಕುತ್ತೇನೆ. ಭಾಗಮಂಡಲದ ಕಡೆ ಸಿಗ್ನಲ್ ಕಡಿಮೆ. ಅಲ್ಲಿರುವ ದೊಡ್ಡಮ್ಮ, "ಪೊಲಿ ಪೊಲಿ ದೇವಾ ಅನ್ನೋ ಹೊತ್ತಿಗೇ ನಿಂತುಹೋಗುತ್ತೆ ಮಗಾ" ಅನ್ನುತ್ತಿದ್ದರು. ಕದಿರು ಕೊಯ್ಯುವಾಗ ಎಲ್ಲರೂ ಕೂಗುವ ಮಾತು ಅದು.

ಮೊದಲು, ವಿಡಿಯೊ ಕುಗ್ಗಿಸುವ ಹಳೆಯ ವಿಧಾನ ಎಚ್.264ರಲ್ಲೇ ಸೈಜ್ ಇಳಿಸಿ ನೋಡಿದೆ. ದೀಪದ ಸುತ್ತ ಪಟ್ಟೆ ಪಟ್ಟೆ ಬಂತು, ಮಂಜು ತೇಪೆ ಹಾಕಿದ ಬಟ್ಟೆಯಂತಾಯಿತು. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಇರುವುದು ಹೆಚ್ಚೆಂದರೆ 256 ಹೊಳಪಿನ ಮೆಟ್ಟಿಲು. ರಾತ್ರಿಯ ದೃಶ್ಯಕ್ಕೆ ಸಿಗುವುದು ಅದರಲ್ಲಿ ಕೆಳಗಿನ ಕೆಲವೇ. 10 ಬಿಟ್ ಆದರೆ 1024. ಆದರೆ 10 ಬಿಟ್‌ನ ಎಚ್.264 ತುಂಬಾ ಫೋನ್‌ಗಳಲ್ಲಿ ಸರಿಯಾಗಿ ಓಡುವುದಿಲ್ಲ. ವಿಡಿಯೊ ಕುಗ್ಗಿಸುವ ಹೊಸ ವಿಧಾನ ಎವಿ1ರ ಮೂಲ ಪ್ರೊಫೈಲ್‌ನಲ್ಲೇ (ಮೊದಲ ಮಟ್ಟದಲ್ಲೇ) 10 ಬಿಟ್ ಸೇರಿದೆ. ನಾನು ಎವಿ1ಗೆ ಬಂದದ್ದು ಇದಕ್ಕೇ.

ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಸ್‌ವಿಟಿ-ಎವಿ1 ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಭಾಗ) ಬಳಸಿದೆ. 720ಪಿ (ಚಿತ್ರದ ಎತ್ತರ 720 ಸಾಲು), 10 ಬಿಟ್, ಸಿಆರ್‌ಎಫ್ (ಗುಣಮಟ್ಟದ ಅಂಕಿ) 34, ಪ್ರಿಸೆಟ್ 4. ಪ್ರಿಸೆಟ್ ನಂಬರ್ ಇಳಿದಷ್ಟೂ ಕೆಲಸ ನಿಧಾನ, ಫೈಲ್ ಚಿಕ್ಕದು. ನನ್ನ ಲ್ಯಾಪ್‌ಟಾಪ್‌ಗೆ ಅರ್ಧ ಗಂಟೆ ಹಿಡಿಯಿತು. ಇನ್ನೊಂದು ಮುಖ್ಯ ಆಯ್ಕೆ ಫಿಲ್ಮ್ ಗ್ರೇನ್. ಕತ್ತಲಲ್ಲಿ ಕ್ಯಾಮೆರಾ ಹಿಡಿಯುವ ಕಾಳುಕಾಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ಹಿಂದಿನ ಫ್ರೇಮ್ ನೋಡಿ ಊಹಿಸಲು ಆಗುವುದಿಲ್ಲ, ಹಾಗಾಗಿ ಸುಮ್ನೆ ಡೇಟಾ ತಿನ್ನುತ್ತದೆ. ಎವಿ1ರಲ್ಲಿ ಅದನ್ನು ತೆಗೆದು ಕಳಿಸಿ, ನೋಡುವವರ ಕಡೆ ಅದೇ ಥರದ ಕಾಳನ್ನು ಮತ್ತೆ ಉದುರಿಸಬಹುದು. ಎಷ್ಟು ಒಳ್ಳೆಯ ಉಪಾಯ, ಅಲ್ವಾ? 170 ಎಂಬಿ ಇದ್ದದ್ದು 68 ಎಂಬಿಗೆ ಬಂತು.

ದೊಡ್ಡಮ್ಮನ ಫೋನಿನ ಚಿಪ್‌ಗೆ ಎವಿ1 ಗೊತ್ತಿಲ್ಲ. ಆದರೂ ಕ್ರೋಮ್‌ನ ಒಳಗೇ ಡೇವಿಡ್ ಎಂಬ ಡಿಕೋಡರ್ (ಕುಗ್ಗಿಸಿದ್ದನ್ನು ಬಿಡಿಸಿ ತೋರಿಸುವ ಸಾಫ್ಟ್‌ವೇರ್) ಇದೆ, ವಿಎಲ್‌ಸಿ ಪ್ಲೇಯರ್ ಮಾಡಿದ ವಿಡಿಯೊಲ್ಯಾನ್‌ನವರದು. 720ಪಿ ತಡೆಯಿಲ್ಲದೆ ಓಡಿತು. ಚಿಕ್ಕಪ್ಪನ ಹಳೆಯ ಐಫೋನ್‌ನಲ್ಲಿ ಮಾತ್ರ ಎವಿ1 ಓಡಲಿಲ್ಲ. ಐಫೋನ್‌ಗಳಿಗೆ ಎವಿ1 ಚಿಪ್ ಬಂದದ್ದೇ 2023ರ 15 ಪ್ರೊದಿಂದ. ಅದಕ್ಕೇ ಎಚ್.264 ಪ್ರತಿಯನ್ನೂ ಇಟ್ಟಿದ್ದೇನೆ. ಬ್ರೌಸರ್ ತನಗೆ ಆಗುವುದನ್ನು ತಾನೇ ಆರಿಸಿಕೊಳ್ಳುತ್ತದೆ.

ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮುಂತಾದವರು 2015ರಲ್ಲಿ ಕೂಟ ಕಟ್ಟಿ, 2018ರಲ್ಲಿ ಎವಿ1 ಅನ್ನು ರಾಯಧನವಿಲ್ಲದೆ ಬಿಟ್ಟರು. ನಾನು ಬಳಸಿದ ಎನ್‌ಕೋಡರ್ ಕಟ್ಟಿದ್ದು ಇಂಟೆಲ್ ಮತ್ತು ನೆಟ್‌ಫ್ಲಿಕ್ಸ್. ಅಂಥ ಸಾಮಾನು ಗದ್ದೆ ಬದಿಯ ಮನೆಯಲ್ಲಿ ಒಂದು ಪೈಸೆ ಕೊಡದೆ ಸಿಗುತ್ತಿದೆ. ನನಗೆ ಇದು ತುಂಬಾ ದೊಡ್ಡ ವಿಷಯ.

ಈ ಸಲ ದೊಡ್ಡಮ್ಮ ಕದಿರು ಮನೆಯೊಳಗೆ ಬರುವವರೆಗೂ ನೋಡಿದರು. ಆಮೇಲೆ ಫೋನ್ ಮಾಡಿ, "ದೀಪ ಹಿಡಿದ ಹುಡುಗಿ ಯಾರ ಮಗಳು?" ಅಂತ ಕೇಳಿದರು.