ನಿಂಬೆಬೀಜ ಎಸೆಯಬೇಡಿ: ಹಿಪ್ಪುನೇರಳೆ ಜಾಮ್ ಮಾಡುವವರಿಗೆ

ಹೋದ ವರ್ಷ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ಒಂದು ಬಾಟಲಿ ತಂದುಕೊಟ್ಟಳು. 'ದೊಡ್ಡಜ್ಜಿ, ನಮ್ಮ ತೋಟದ ಹಿಪ್ಪುನೇರಳೆಯ ಜಾಮ್, ನಾನೇ ಮಾಡಿದ್ದು' ಎಂದಳು. ಬಾಟಲಿ ಓರೆ ಮಾಡಿದೆ, ಪಾನಕದ ಹಾಗೆ ಹರಿಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮೇಲೆ ಬೂಷ್ಟು ಕಟ್ಟಿತ್ತು. ಅದಕ್ಕೆ ಹಿಂದಿನ ವರ್ಷ ಪಕ್ಕದ ಮನೆಯ ಸೊಸೆ ಮಾಡಿದ್ದು ಇದಕ್ಕೆ ತದ್ವಿರುದ್ಧ, ಚಮಚ ನೆಟ್ಟರೆ ಕೀಳಲು ಬಾರದ ಕಡಲೆಮಿಠಾಯಿಯ ಪಾಕ. ಇಬ್ಬರೂ ಒಳ್ಳೆಯ ಹಣ್ಣನ್ನು ಹಾಳುಮಾಡಿದರು. ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿ, ರೇಷ್ಮೆ ತೋಟದ ಬದುವಿನ ಮೇಲೆ ಬೆಳೆದ ಮಕ್ಕಳಿಗೆ ಆ ಹಣ್ಣಿನ ಗುಣ ಗೊತ್ತಿಲ್ಲವೆಂದರೆ ನನಗೆ ಸಹಿಸಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣ್ಣಿನ ಮಾತು. ರೇಷ್ಮೆಹುಳು ಮೇಯುವ ಸೊಪ್ಪಿಗಾಗಿ ಎರಡು ತಿಂಗಳಿಗೊಮ್ಮೆ ಕಟಾವು ಮಾಡುವ ತೋಟದಲ್ಲಿ ಹಣ್ಣು ಹೆಚ್ಚಾಗಿ ನಿಲ್ಲುವುದಿಲ್ಲ. ಕತ್ತರಿಸದೆ ಮರವಾಗಲು ಬಿಟ್ಟ ಗಿಡಗಳು ಬದುವಿನಲ್ಲಿಯೋ ಬಾವಿಯ ಪಕ್ಕದಲ್ಲಿಯೋ ಇರುತ್ತವಲ್ಲ, ಶಿವರಾತ್ರಿ ಕಳೆದ ಮೇಲೆ ಅವುಗಳ ಕಡೆ ಕಣ್ಣಿಡಿ. ಹುಳು ಸಾಯುತ್ತದೆಂಬ ಭಯಕ್ಕೆ ರೇಷ್ಮೆಯವರು ಔಷಧಿ ಹೊಡೆಯಲು ಹಿಂದೆಮುಂದೆ ನೋಡುತ್ತಾರೆ, ಹೊಡೆದರೂ ದಿನ ಎಣಿಸಿ ಸೊಪ್ಪು ಕೊಯ್ಯುತ್ತಾರೆ. ಆದರೆ ಬೇಲಿಯಾಚೆ ಟೊಮೆಟೊ ಹೊಲವೋ ದ್ರಾಕ್ಷಿ ಚಪ್ಪರವೋ ಇದ್ದರೆ ಆ ಅಂಚಿನ ಹಣ್ಣು ನಮಗೆ ಬೇಡ, ಅಲ್ಲಿನ ಔಷಧಿ ಗಾಳಿಯಲ್ಲಿ ಬಂದು ಕೂರುತ್ತದೆ. ತೋಟದವರನ್ನು ಕೇಳಿಯೇ ಕೀಳಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಮರದ ಕೆಳಗೆ ಹಳೆಯ ಸೀರೆ ಹಾಸಿ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಹಣ್ಣಾದದ್ದು ತಾನಾಗಿ ಉದುರುತ್ತದೆ. ಎಲ್ಲವೂ ಕಪ್ಪು ಹಣ್ಣೇ ಆದರೆ ಜಾಮ್ ಗಟ್ಟಿಯಾಗುವುದಿಲ್ಲ. ಮೂರು ಹಿಡಿ ಕಪ್ಪಿಗೆ ಒಂದು ಹಿಡಿ ಇನ್ನೂ ಕೆಂಪಗಿರುವ ದೋರೆಹಣ್ಣು ಸೇರಬೇಕು. ಹುಳಿಯೂ ಅಂಟೂ ಇರುವುದು ಆ ದೋರೆಯಲ್ಲಿಯೇ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಯಲ್ಲಿ 'ಹಣ್ಣಾಯಿತು' ಎಂದರೆ ಹುಳು ಹಣ್ಣಾಯಿತು, ಗೂಡು ಕಟ್ಟಲು ಸಿದ್ಧವಾಯಿತು ಎಂದೇ ಅರ್ಥ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ರಾತ್ರಿಯೆಲ್ಲ ಕೇಳುತ್ತಿತ್ತು. ಹಣ್ಣು ಹುಳುವನ್ನು ಆಯ್ದು ಚಂದ್ರಂಕಿಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುವ ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ಒಲೆಯ ಮೇಲೆ ಸಾರು ಕುದಿದು ಇಂಗಿದರೂ ಕೇಳುವವರಿಲ್ಲ. ಗಿಡದ ಹಣ್ಣು ಮಕ್ಕಳ ಬಾಯಿಗೆ ಮತ್ತು ಹಕ್ಕಿಗಳಿಗೆ. ಒಂದು ವರ್ಷ ಗೂಡು ಮಾರುಕಟ್ಟೆಗೆ ಹೋದ ಮೇಲೆ ಕೈ ಬಿಡುವಾಯಿತು, ಬಾವಿಯ ಪಕ್ಕದ ಮರ ಕಪ್ಪಗೆ ತೂಗುತ್ತಿತ್ತು. ಹಣ್ಣು ಸಂರಕ್ಷಣೆಯ ತರಬೇತಿಗೆ ಹೋಗಿ ಬಂದಿದ್ದ ನನ್ನ ಅತ್ತಿಗೆ ಜಾಮ್ ಮಾಡುವುದನ್ನು ತೋರಿಸಿಕೊಟ್ಟರು. ನಿಂಬೆಬೀಜದ ಗುಟ್ಟು ಮಾತ್ರ ಅವರದಲ್ಲ, ಅದು ನಮ್ಮ ಅತ್ತೆಯವರದು. ಅದಕ್ಕೆ ಬರುತ್ತೇನೆ.

ಹಣ್ಣನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ನೀರಿನಲ್ಲಿ ನೆನೆಹಾಕಲೇಬೇಡಿ. ಅದು ನೀರು ಕುಡಿದುಬಿಡುತ್ತದೆ, ಆ ನೀರನ್ನು ಹೊರಹಾಕಲು ನೀವು ಒಂದು ಗಂಟೆ ಕುದಿಸಬೇಕಾಗುತ್ತದೆ. ಜರಡಿಯಲ್ಲಿ ಹಾಕಿ ಬೋಗುಣಿಯ ನೀರಿನಲ್ಲಿ ಎರಡು ಸಲ ಅದ್ದಿ ಎತ್ತಿ, ಬಟ್ಟೆಯ ಮೇಲೆ ಹರಡಿ. ತೊಟ್ಟನ್ನು ಎಳೆದರೆ ಹಣ್ಣಿನ ಒಡಲೇ ಕಿತ್ತುಬರುತ್ತದೆ, ಸಣ್ಣ ಕತ್ತರಿಯಲ್ಲಿ ಕತ್ತರಿಸಿ. ಮಿಕ್ಸಿಗೆ ಹಾಕುವವರಿಗೆ ನಾನು ಏನು ಹೇಳಲಿ? ಜಾಮಿನಲ್ಲಿ ಹಣ್ಣು ಬಾಯಿಗೆ ಸಿಗಬೇಕು. ಮಿಕ್ಸಿಗೆ ಹಾಕಿದ್ದು ಬೆಂದ ಮೇಲೆ ಬಣ್ಣದ ಗಂಜಿಯಂತೆ ಕಾಣುತ್ತದೆ.

ಹಿಪ್ಪುನೇರಳೆಯಲ್ಲಿ ಸಿಹಿಯುಂಟು, ಬಣ್ಣವುಂಟು, ಜಾಮನ್ನು ಹಿಡಿದು ನಿಲ್ಲಿಸುವ ಪೆಕ್ಟಿನ್ ಕಡಿಮೆ. ಪೆಕ್ಟಿನ್ ಪುಡಿಯನ್ನು ಅಂಗಡಿಯಿಂದ ತರುವ ಬದಲು ನಿಮ್ಮ ಮನೆಯ ಕಸದ ಬುಟ್ಟಿಯನ್ನು ನೋಡಿ, ದಿನವೂ ನೀವು ಎಸೆಯುವ ನಿಂಬೆಬೀಜ ಅಲ್ಲಿರುತ್ತದೆ. ನಮ್ಮ ಅತ್ತೆಯವರು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವಾಗ ಬೀಜವನ್ನು ಒಂದು ಲೋಟಕ್ಕೆ ಬೀಳಿಸುತ್ತಿದ್ದರು. ಒಂದು ರಾತ್ರಿ ಲೋಟದಲ್ಲಿ ನೀರು ಉಳಿದಿತ್ತು. ಬೆಳಿಗ್ಗೆ ನೋಡಿದರೆ ನೀರು ನೀರಾಗಿ ಉಳಿದಿರಲಿಲ್ಲ, ನೆನೆದ ಕಾಮಕಸ್ತೂರಿ ಬೀಜದ ಹಾಗೆ ಲೋಳೆಲೋಳೆಯಾಗಿತ್ತು. 'ಇಷ್ಟು ಅಂಟು ಇರುವುದನ್ನು ಎಸೆಯುವುದುಂಟೇ?' ಎಂದು ಅಂದಿನ ಹಣ್ಣಿನ ಪಾತ್ರೆಗೇ ಹಾಕಿಸಿದರು. ಅಂದಿನಿಂದ ಇಂದಿನವರೆಗೆ ನನ್ನ ಜಾಮ್ ಒಮ್ಮೆಯೂ ಹರಿದಿಲ್ಲ.

ಮಾಡುವ ಬಗೆಯನ್ನು ಗಮನವಿಟ್ಟು ಓದಿ, ಇಲ್ಲಿ ಅವಸರ ಮಾಡಿದರೆ ಫಲವಿಲ್ಲ. ಒಂದು ಸೇರು ಹಣ್ಣಿಗೆ ಒಂದು ಹಿಡಿ ಬೀಜ ಬೇಕು. ಬೀಜವನ್ನು ತೊಳೆಯಬಾರದು. ಮೇಲಿನ ಜಾರುವ ಲೋಳೆಯೇ ನಮಗೆ ಬೇಕಾದದ್ದು, ಅದನ್ನು ಉಜ್ಜಿ ತೊಳೆದು ಬೀಜವನ್ನು ಫಳಫಳ ಹೊಳೆಯಿಸುವವರನ್ನೂ ನಾನು ನೋಡಿದ್ದೇನೆ. ಒಣಗಿಸಲೂಬಾರದು. ಹಿಂಡಿದ್ದನ್ನು ಹಿಂಡಿದಂತೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಐಸ್ ಕಟ್ಟುವ ಖಾನೆಯಲ್ಲಿಡಿ, ಹಿಡಿ ತುಂಬುವವರೆಗೆ ಕೂಡಿಡಿ. ಜಾಮ್ ಮಾಡುವ ಹಿಂದಿನ ರಾತ್ರಿ ಬೀಜ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ ನೆನೆಸಿ. ಹಿಂಡಿದ ಎರಡು ಹೋಳುಗಳ ಒಳಗಿನ ಬಿಳಿಯ ಪದರವನ್ನೂ ಚಮಚದಲ್ಲಿ ಕೆರೆದು ಅದಕ್ಕೆ ಸೇರಿಸಬಹುದು, ಹೆಚ್ಚಾದರೆ ಕಹಿ, ನೆನಪಿರಲಿ. ಬೆಳಿಗ್ಗೆ ಬೆರಳದ್ದಿ ಎತ್ತಿ. ಲೋಳೆ ಬೆರಳಿನಿಂದ ಜೋಲಿ ನಿಧಾನವಾಗಿ ಬೀಳಬೇಕು.

ಇನ್ನು ಬಟ್ಟೆ. ಬಣ್ಣದ್ದು ಬೇಡ, ಗಂಜಿ ಹಾಕಿದ್ದು ಬೇಡ, ಸೋಪಿನ ವಾಸನೆಯಿದ್ದರೆ ಬೇಡವೇ ಬೇಡ. ಮೆತ್ತಗಾದ ಹಳೆಯ ಬಿಳಿ ಪಂಚೆಯ ತುಂಡನ್ನು ಬರಿಯ ನೀರಿನಲ್ಲಿ ಕುದಿಸಿ ಹಿಂಡಿ. ಅದರ ನಡುವೆ ಬೀಜ ಸುರಿದು ಸಡಿಲವಾಗಿ ಗಂಟು ಕಟ್ಟಿ. ಬಿಗಿಯಾಗಿ ಕಟ್ಟಿದರೆ ಒಳಗೆ ರಸ ಓಡಾಡುವುದಿಲ್ಲ, ಲೋಳೆ ಬಟ್ಟೆಯಲ್ಲಿಯೇ ಉಳಿಯುತ್ತದೆ. ಗಂಟಿಗೆ ಒಂದು ಗೇಣು ನೂಲು ಬಿಟ್ಟು ಪಾತ್ರೆಯ ಹಿಡಿಗೆ ಕಟ್ಟಿದರೆ ಹುಡುಕುವ ಕೆಲಸವಿಲ್ಲ. ನೆನೆಸಿದ ನೀರನ್ನು ಚೆಲ್ಲಬೇಡಿ, ಅದೂ ಪಾತ್ರೆಗೇ ಹೋಗಬೇಕು. ಹಣ್ಣಿಗೆ ಬೇರೆ ನೀರು ಬೇಕಾಗಿಲ್ಲ.

ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ಇಡಿ. ಇಂಡಾಲಿಯಂ ಪಾತ್ರೆಗೂ ಕಲಾಯಿ ಹೋದ ಹಿತ್ತಾಳೆಗೂ ಹುಳಿ ಹಣ್ಣು ಸೇರುವುದಿಲ್ಲ. ಹಣ್ಣು, ಗಂಟು, ಲೋಳೆ ನೀರು ಮೂರನ್ನೂ ಸಣ್ಣ ಉರಿಯಲ್ಲಿ ಹಣ್ಣು ಮೆತ್ತಗಾಗುವವರೆಗೆ ಬೇಯಿಸಿ, ಇಪ್ಪತ್ತು ನಿಮಿಷ ಸಾಕು. ಗಂಟನ್ನು ತೆಗೆದು ತಟ್ಟೆಯಲ್ಲಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ಮೇಲೊಂದು ತಟ್ಟೆ ಒತ್ತಿ ಹಿಂಡಿ. ಮೊದಲು ಕೆಂಪು ರಸ ಬರುತ್ತದೆ, ಆಮೇಲೆ ದಪ್ಪಗೆ ಹೊಳೆಯುವ ಲೋಳೆ ಬಟ್ಟೆಯ ಎಳೆಗಳ ನಡುವಿನಿಂದ ಜಿನುಗುತ್ತದೆ. ಆ ಎರಡನೆಯದು ಬರುವವರೆಗೆ ಬಿಡಬೇಡಿ. ಬೆರಳಿನಲ್ಲಿ ಒರೆಸಿ ಒರೆಸಿ ಪಾತ್ರೆಗೆ ಹಾಕಿ.

ಸೀರೆಯ ಮೇಲೆ ರಸ ಹಾರುವುದು ಇದೇ ಹೊತ್ತಿನಲ್ಲಿ. ಸೋಪು ಹಚ್ಚಲು ಓಡಬೇಡಿ, ಕಲೆ ನೀಲಿಗೆ ತಿರುಗಿ ಕೂತುಬಿಡುತ್ತದೆ. ದೋರೆಹಣ್ಣು ಎರಡು ಉಳಿಸಿಕೊಂಡಿದ್ದರೆ ಅದನ್ನೇ ಹಿಸುಕಿ ಕಲೆಯ ಮೇಲೆ ಉಜ್ಜಿ, ಇಲ್ಲವೇ ನಿಂಬೆಯ ಸಿಪ್ಪೆಗೆ ಉಪ್ಪು ಹಚ್ಚಿ ತಿಕ್ಕಿ ತಣ್ಣೀರಿನಲ್ಲಿ ಹಿಂಡಿ. ಕೈಯ ಕಪ್ಪಿಗೂ ಇದೇ ಮದ್ದು. ನಮ್ಮ ಮನೆಯ ಹುಡುಗಿಯರು ಬಿಳಿ ಬಟ್ಟೆಯನ್ನೂ ಬಣ್ಣದ ಬಟ್ಟೆಯನ್ನೂ ಒಟ್ಟಿಗೆ ಯಂತ್ರಕ್ಕೆ ತುರುಕಿ ಗುಂಡಿ ಒತ್ತುತ್ತಾರೆ, ಕಲೆಯನ್ನು ಮೊದಲು ಕೈಯಲ್ಲಿ ನೋಡಿಕೊಳ್ಳುವ ಅಭ್ಯಾಸವೇ ಹೋಗಿದೆ.

ಬೆಂದ ಹಣ್ಣನ್ನು ಈಗ ಅಳೆಯಿರಿ, ಹಸಿಯಾಗಿದ್ದಾಗ ಅಳೆದದ್ದು ಲೆಕ್ಕಕ್ಕಿಲ್ಲ. ಒಂದು ಪಾವಿಗೆ ಮುಕ್ಕಾಲು ಪಾವು ಸಕ್ಕರೆ. ಆರೋಗ್ಯ ಎಂದು ಕಾಲು ಪಾವು ಹಾಕುವವರು ಅದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ತಿಂದು ಮುಗಿಸಲಿ, ವರ್ಷವಿಡೀ ಇಡುವ ಆಸೆ ಬೇಡ. ಜಾಮ್ ಕೆಡದಂತೆ ಕಾಯುವುದು ಸಕ್ಕರೆಯೇ, ಮೊಮ್ಮಗಳ ಬಾಟಲಿಗೆ ಬೂಷ್ಟು ಬಂದದ್ದು ಅದಿಲ್ಲದೆ. ಸಕ್ಕರೆ ಕರಗುವವರೆಗೆ ಉರಿ ಸಣ್ಣದಿರಲಿ, ಆಮೇಲೆ ಸೇರಿಗೆ ಎರಡು ನಿಂಬೆಹಣ್ಣಿನ ರಸ ಹಿಂಡಿ ಉರಿ ಜೋರು ಮಾಡಿ. ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಬಣ್ಣ ಕಂದಿ ಬೆಲ್ಲದ ವಾಸನೆ ಬರುತ್ತದೆ. ಬಿಟ್ಟು ಕದಲಬೇಡಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಪಕ್ಕದ ಮನೆಯ ಸೊಸೆ ಎಡವಿದ್ದು ಇಲ್ಲಿ. ಅವಳ ಬಳಿ ಶಾಖ ಅಳೆಯುವ ಕಡ್ಡಿಯಿತ್ತು, 105 ಡಿಗ್ರಿ ಬರುವವರೆಗೆ ಕುದಿಸಬೇಕೆಂದು ಓದಿದ್ದಳು. ಆ ಲೆಕ್ಕ ಸಮುದ್ರ ತೀರದವರಿಗೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬಯಲು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ಹಾಗಾಗಿ 102 ದಾಟುವ ಮೊದಲೇ ಜಾಮ್ ಆಗಿರುತ್ತದೆ, 105ಕ್ಕೆ ಕಾದರೆ ಮಿಠಾಯಿ. ಎಳೆಪಾಕ ನೋಡುವುದೂ ಬೇಡ, ಜಹಾಂಗೀರಿಗೆ ನೋಡುವ ಎಳೆ ಇದಕ್ಕೆ ಹೊಂದುವುದಿಲ್ಲ. ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟಿರಿ. ಹತ್ತು ನಿಮಿಷ ಜೋರಾಗಿ ಕುದಿದ ಮೇಲೆ ಉರಿ ಆರಿಸಿ, ಅದರ ಮೇಲೆ ಒಂದು ತೊಟ್ಟು ಬಿಟ್ಟು, ಆರಿದ ಬಳಿಕ ಬೆರಳಿನಿಂದ ತಳ್ಳಿ. ಕೆನೆಯ ಹಾಗೆ ಸುಕ್ಕುಗಟ್ಟಿದರೆ ಮುಗಿಯಿತು. ಹರಿದರೆ ಇನ್ನೆರಡು ನಿಮಿಷ ಕುದಿಸಿ. ಬಿಸಿಯಲ್ಲಿ ತೆಳ್ಳಗೆ ಕಾಣುತ್ತದೆಂದು ಹೆದರಬೇಡಿ, ಆರಿದಂತೆ ಬಿಗಿಯುತ್ತದೆ.

ನೊರೆಯನ್ನು ತೆಗೆದು ಮಕ್ಕಳಿಗೆ ಚಪಾತಿಗೆ ಹಚ್ಚಿ ಕೊಡಿ. ಗಾಜಿನ ಬಾಟಲಿಗಳನ್ನು ಕುದಿಸಿ, ಒರೆಸದೆ ಹಾಗೆಯೇ ಆರಲು ಬಿಟ್ಟು, ಬೆಚ್ಚಗಿರುವಾಗಲೇ ಬಿಸಿ ಜಾಮ್ ತುಂಬಿ ಮುಚ್ಚಳ ಬಿಗಿಯಿರಿ. ಬಾಟಲಿಯ ಕೆಳಗೆ ಮಣೆ ಇರಲಿ, ತಣ್ಣನೆಯ ಕಡಪಾ ಕಲ್ಲಿನ ಮೇಲಿಟ್ಟು ಒಡೆದುಕೊಂಡು ಒಂದು ಇಡೀ ದಿನದ ಕೆಲಸವನ್ನು ನಾನು ಕಳೆದುಕೊಂಡಿದ್ದೇನೆ. ಪ್ಲಾಸ್ಟಿಕ್ ಡಬ್ಬಿಗೆ ಬಿಸಿಯದನ್ನು ಸುರಿಯುವವರು ನನ್ನ ಮುಂದೆ ಸುರಿಯದಿರಲಿ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಬೇಕು, ಒಣ ಚಮಚ ಬಿಟ್ಟು ಬೇರೆ ಏನೂ ಒಳಗೆ ಹೋಗಬಾರದು.

ರಾಮನವಮಿಯ ಪಾನಕಕ್ಕೆ, ಕೋಸಂಬರಿಗೆ ಮನೆಮನೆಯಲ್ಲಿ ನಿಂಬೆ ಹಿಂಡುವ ಹೊತ್ತಿಗೂ ಮರದಲ್ಲಿ ಹಣ್ಣು ಇರುತ್ತದೆ. ಈ ಸಲ ಆ ಬೀಜಗಳನ್ನು ಡಬ್ಬಿಗೆ ಹಾಕಿಡಿ.